ಇನ್ನೂರು ಎಣಿಸುವವರೆಗೆ ಗುಂಡಿಯಿಂದ ಮೇಲೆ ಬಾರದ ಬಗ್ಗೆ

ಹೆಸರು: ಕಾಂತರಾಜ್, ತಂದೆ ದಿವಂಗತ ಚೌಡಪ್ಪ
ವಯಸ್ಸು: 36 ವರ್ಷ
ಕಸುಬು: ದೊಡ್ಡ ಪ್ಲಾಸ್ಟಿಕ್ ಪೈಪು ಕೂಡಿಸುವ ಕೆಲಸ, ಆರು ಇಂಚಿನಿಂದ ಮೇಲ್ಪಟ್ಟು
ವಾಸ: ಓಲ್ಡ್ ಟೌನ್, ಭದ್ರಾವತಿ
ದಿನಾಂಕ: 12-02-2003, ಬುಧವಾರ, ಸಂಜೆ 5-15 ಗಂಟೆ

ಪೊಲೀಸ್ ಸಿಬ್ಬಂದಿಯವರು ಕರೆದರೂ ಗುಂಡಿಯಿಂದ ಮೇಲೆ ಬರಲಿಲ್ಲ ಯಾಕೆ, ಮುಚ್ಚಳಿಕೆ ಬರೆದುಕೊಟ್ಟವನು ಅದನ್ನು ಮುರಿದಿದ್ದು ಯಾಕೆ ಎಂದು ಠಾಣೆಯಲ್ಲಿ ಕೂರಿಸಿ ಕೇಳಿದ್ದಕ್ಕೆ ನಾನು ಈ ಮೂಲಕ ತಿಳಿಸಿ ಬರೆಸುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ತಾಯಿ ಮಾಸ್ತಮ್ಮ, ಹೆಂಡತಿ ಮತ್ತು ಐದು ವರ್ಷ ಒಂದು ತಿಂಗಳಿನ ಮಗಳ ಜೊತೆ ವಾಸವಾಗಿರುತ್ತೇನೆ. ಕಸುಬು ಎಂಬಲ್ಲಿ ರೈಟರ್ ಸಾಹೇಬರು ಮೊದಲು ಪ್ಲಂಬರ್ ಎಂದು ಬರೆದಿದ್ದರು. ಅದನ್ನು ನಾನು ಹೊಡೆದುಹಾಕಿಸಿದ್ದೇನೆ. ಪ್ಲಂಬರ್ ಎಂದರೆ ಮನೆಯ ನಲ್ಲಿಗೆ ವಾಷರ್ ಹಾಕುವವರು. ಅವರ ಬಗ್ಗೆ ನನಗೆ ಗೌರವವಿದೆ, ಆದರೆ ನಾನು ಅವರಲ್ಲ. ಮಗಳ ಹೆಸರು ಏನೆಂದು ರೈಟರ್ ಸಾಹೇಬರು ಕೇಳಿದರು. ಹೆಸರಿಲ್ಲ ಎಂದೆ. ಠಾಣೆಯಲ್ಲಿ ತಮಾಷೆ ಬೇಡ ಎಂದರು. ತಮಾಷೆ ಅಲ್ಲ, ಅವಳಿಗೆ ಇನ್ನೂ ಹೆಸರಿಟ್ಟಿಲ್ಲ. ಇವತ್ತಿನ ಗಲಾಟೆಗೆಲ್ಲ ಮೂಲ ಅದೇ ಆಗಿರುತ್ತದೆ.

ಸುಮಾರು ಹದಿನೈದು ವರ್ಷದ ಹಿಂದೆ ಮೇಸ್ತ್ರಿ ಜಯಪ್ಪನವರು (ಈಗ ವಯಸ್ಸು 68) ನನಗೂ ನನ್ನ ಅಕ್ಕ ಧನಲಕ್ಷ್ಮಿಯ ಗಂಡನಾದ ಮಂಜಪ್ಪನವರಿಗೂ ಒಟ್ಟಿಗೆ ಈ ಕೆಲಸ ಕಲಿಸಿದರು. ಮಂಜಪ್ಪ ನನ್ನ ಭಾವ. ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ. ದೊಡ್ಡ ಪೈಪಿನ ಕೆಲಸ ಒಬ್ಬನಿಂದ ಆಗುವುದಿಲ್ಲ. ಅಂಟಿಸುವ ದ್ರಾವಣಕ್ಕೆ ನಾವು ಸಲ್ಯೂಷನ್ ಎನ್ನುತ್ತೇವೆ. ಅದು ಹಚ್ಚಿದ ಒಂದು ನಿಮಿಷಕ್ಕೆ ಒಣಗಲು ಶುರುವಾಗುತ್ತದೆ. ಹತ್ತು ಇಂಚಿನ ಪೈಪಿಗೆ ಒಬ್ಬನೇ ಸುತ್ತಲೂ ಹಚ್ಚುವಷ್ಟರಲ್ಲಿ ಹಚ್ಚಿದ ಕಡೆ ಒಣಗಿರುತ್ತದೆ. ಆದ್ದರಿಂದ ಒಬ್ಬ ಪೈಪಿನ ಹೊರಗೆ, ಇನ್ನೊಬ್ಬ ಅದು ಕೂರಬೇಕಾದ ಮುಂದಿನ ಪೈಪಿನ ಬಾಯಿಯ ಒಳಗೆ, ಒಂದೇ ಸಲಕ್ಕೆ ಹಚ್ಚಬೇಕು. ಆಮೇಲೆ ಇಬ್ಬರೂ ಸೇರಿ ಒಳಗೆ ನೂಕಬೇಕು.

ನೂಕಿದ ಮೇಲೆ ಮುಗಿಯಿತು ಎಂದು ಜನ ತಿಳಿದಿದ್ದಾರೆ. ಅಸಲು ಕೆಲಸ ಶುರುವಾಗುವುದೇ ಆಗ. ಬಾಯಿ ಒಳಗೆ ಹೋದಂತೆಲ್ಲ ಸ್ವಲ್ಪ ಕಿರಿದಾಗಿರುತ್ತದೆ, ಸಲ್ಯೂಷನ್ ಇನ್ನೂ ಜಾರುತ್ತಿರುತ್ತದೆ, ಅದರಿಂದ ನೂಕಿದ ಪೈಪು ತಾನಾಗಿಯೇ ವಾಪಸ್ ಹೊರಗೆ ಬರಲು ನೋಡುತ್ತದೆ. ಇನ್ನೂರು ಎಣಿಸುವವರೆಗೆ ಅದುಮಿ ಹಿಡಿಯಬೇಕು ಎಂಬುದು ಜಯಪ್ಪ ಮೇಸ್ತ್ರಿಯವರ ಕಾನೂನು. ಬಾಯಲ್ಲಿ ಎಣಿಸಬೇಕು, ಜೋರಾಗಿ ಎಣಿಸಬೇಕು, ಒಂದು ಸಂಖ್ಯೆ ಒಬ್ಬ, ಮುಂದಿನದು ಇನ್ನೊಬ್ಬ. ಒಬ್ಬನ ದನಿ ಸಡಿಲವಾದರೆ ಕೈಯೂ ಸಡಿಲವಾಗಿದೆ ಎಂದು ಇನ್ನೊಬ್ಬನಿಗೆ ಗೊತ್ತಾಗಲಿ ಎಂದು ಈ ಪದ್ಧತಿ. ಭಾವ ಬೆಸ ಸಂಖ್ಯೆ, ನಾನು ಸಮ ಸಂಖ್ಯೆ. ಹತ್ತು ವರ್ಷ ಹೀಗೆ ಎಣಿಸಿದ್ದೇವೆ. ಒಂದೂ ಹನಿ ಸೋರಿಲ್ಲ.

ದಿನಾಂಕ 08-01-1998 ರಂದು ಬೆಳಿಗ್ಗೆ 11 ಗಂಟೆ ಸುಮಾರಿಗೆ ರವೀಂದ್ರನಗರದ ಹತ್ತಿರ ಒಬ್ಬ ಖಾಸಗಿ ಕಂಟ್ರಾಕ್ಟರರ ಕೆಲಸದಲ್ಲಿ ನಾನೂ ಭಾವನೂ ಎಂಟು ಇಂಚಿನ ಪೈಪು ಕೂಡಿಸಿದೆವು. ಆಗೆಲ್ಲ ಪೈಪಿನ ಹಿಂದಿನ ತುದಿಯಲ್ಲಿ ಆ ಕಡೆ ಒಬ್ಬ, ಈ ಕಡೆ ಒಬ್ಬ ಕೈಯೂರಿ ತಳ್ಳಿ ಹಿಡಿಯುವ ಕ್ರಮವಿತ್ತು. ತಲೆ ತಗ್ಗಿಸಿ ಮುಖ ಆಚೆ ತಿರುಗಿಸಿ ತಳ್ಳುತ್ತಿದ್ದುದರಿಂದ ಒಬ್ಬರ ಕೈ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಮೂರನೇ ದಿನ ನೀರು ಬಿಟ್ಟು ಪರೀಕ್ಷೆ ಮಾಡಿದಾಗ ಆ ಜಾಯಿಂಟು ಕಳಚಿ, ಅರವತ್ತು ಅಡಿ ಉದ್ದಕ್ಕೆ ಮಣ್ಣು ಕೊಚ್ಚಿಹೋಗಿ, ಒಬ್ಬರ ಕಾಂಪೌಂಡು ಬಿತ್ತು. ಅಗೆದು ನೋಡಿದರೆ ಪೈಪು ಒಂದೂವರೆ ಇಂಚು ಹಿಂದಕ್ಕೆ ಜಾರಿತ್ತು. ಅಂದರೆ ಇನ್ನೂರು ಮುಗಿಯುವ ಮೊದಲು ಯಾರೋ ಕೈ ಬಿಟ್ಟಿದ್ದರು. ಭಾವ ಮೊದಲು ಬಿಟ್ಟರು ಎಂದು ನಾನು ಹೇಳಿದೆ. ನಾನೇ ಬಿಟ್ಟೆ ಎಂದು ಅವರು ಹೇಳಿದರು. ಐವತ್ತು ಜನರ ಮುಂದೆ ಮಾತಿಗೆ ಮಾತು ಬೆಳೆದು ಕೈಕೈ ಮಿಲಾಯಿಸಿದೆವು. ಜಯಪ್ಪ ಮೇಸ್ತ್ರಿಯವರು ಇಬ್ಬರಿಗೂ ಒಂದೊಂದು ಏಟು ಬಿಟ್ಟು ಮನೆಗೆ ಕಳಿಸಿದರು. ಅಂದಿನಿಂದ ಅಕ್ಕ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಭಾವ ಬೇಡ ಎಂದರೋ, ನನ್ನ ಮೇಲಿನ ಸಿಟ್ಟೋ ನನಗೆ ಗೊತ್ತಿಲ್ಲ. ನಾನೂ ಕರೆಯಲಿಲ್ಲ. ಹಟ ಎಂದರೆ ಹಟ.

ಆ ಜಾಯಿಂಟು ಕೂಡಿಸಿದ ದಿನವೇ ನನ್ನ ಮಗಳು ಹುಟ್ಟಿದ್ದು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ನನಗಿರುವುದು ಒಬ್ಬಳೇ ಅಕ್ಕ. ಅವಳು ಬರದೆ ನಾಮಕರಣ ಇಲ್ಲ ಎಂದು ನನ್ನ ತಾಯಿ ಕೂತುಬಿಟ್ಟಳು. ನೀವಿಬ್ಬರು ಗಂಡಸರು ಎಷ್ಟು ವರ್ಷ ಬೇಕಾದರೂ ಮುಖ ಊದಿಸಿಕೊಂಡಿರಿ, ಈ ಮಗುವಿನ ಹೆಸರು ನನ್ನ ಮಗಳ ಬಾಯಿಂದಲೇ ಬರಬೇಕು ಎಂದಳು. ಹೀಗಾಗಿ ಐದು ವರ್ಷದಿಂದ ಮಗುವನ್ನು ಪಾಪು ಎಂದೇ ಕರೆಯುತ್ತೇವೆ. ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ. ಅಂಗನವಾಡಿಯ ಪಟ್ಟಿಯಲ್ಲಿ ಕಾಂತರಾಜ್ ಮಗಳು ಎಂದು ಬರೆದಿದ್ದಾರೆ. ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿಸಬೇಕು. ಹೆಸರಿಲ್ಲದ ಮಗುವಿಗೆ ಅರ್ಜಿ ಕೊಡುವುದಿಲ್ಲ, ಈ ತಿಂಗಳೊಳಗೆ ಒಂದು ಹೆಸರು ಇಟ್ಟುಕೊಂಡು ಬನ್ನಿ ಎಂದು ಶಾಲೆಯವರು ಹೇಳಿದ್ದಾರೆ. ಏನಾದರೊಂದು ಹೆಸರು ಬರೆಸಿಬಿಡೋಣ ಎಂದು ನಾನು ಹೇಳಿದ್ದಕ್ಕೆ ನನ್ನ ತಾಯಿ ಮೂರು ದಿನ ನನಗೆ ಊಟ ಬಡಿಸಲಿಲ್ಲ.

ಮುಚ್ಚಳಿಕೆ ವಿಷಯ. ದಿನಾಂಕ 19-05-2001 ರಂದು ಭದ್ರಾವತಿ ಬಸ್ ನಿಲ್ದಾಣದಲ್ಲಿ ಭಾವ ಎದುರಾದರು. ನಾನು ನಕ್ಕೆ ಎಂದು ಅವರು ಹೇಳುತ್ತಾರೆ. ನಾನು ಬಿಸಿಲಿಗೆ ಮುಖ ಕಿವುಚಿದ್ದೆ. ಅಲ್ಲಿ ಆದ ತಳ್ಳಾಟಕ್ಕೆ ಕಾನ್‌ಸ್ಟೆಬಲ್ ಧರ್ಮಪ್ಪನವರು ಇಬ್ಬರನ್ನೂ ಇದೇ ಠಾಣೆಗೆ ಕರೆತಂದು, ಮೂರು ವರ್ಷದವರೆಗೆ ಒಬ್ಬರ ಮೈ ಒಬ್ಬರು ಮುಟ್ಟುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರು. ಅದರಲ್ಲಿರುವ ಸಹಿ ನನ್ನದೇ. ಅಲ್ಲಗಳೆಯುವುದಿಲ್ಲ.

ಈ ದಿನ ಬೆಳಿಗ್ಗೆ 8-40ಕ್ಕೆ ಜಯಪ್ಪ ಮೇಸ್ತ್ರಿಯವರು ನನ್ನ ಮನೆಗೆ ಬಂದು, ಓಲ್ಡ್ ಟೌನ್‌ಗೆ ಹೊಸ ಟ್ಯಾಂಕಿನಿಂದ ಬರುವ ಹತ್ತು ಇಂಚಿನ ಲೈನು ಮುಗಿದಿದೆ, ಕೊನೆಯ ಒಂದೇ ಜಾಯಿಂಟು ಬಾಕಿ ಇದೆ, ತನ್ನ ಬಲಭುಜ ಏಳುವುದಿಲ್ಲ, ನೀನು ಬರಬೇಕು ಎಂದರು. ಜೊತೆಗೆ ಯಾರು ಎಂದು ಕೇಳಿದೆ. ಒಳ್ಳೆ ಕೆಲಸಗಾರ, ನೀನು ಬಾ ಮಾರಾಯ ಎಂದರು. ಅಷ್ಟು ಮೆತ್ತಗೆ ಅವರು ಯಾವತ್ತೂ ಮಾತಾಡಿದವರಲ್ಲ. ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು.

ಸುಮಾರು 9-30ಕ್ಕೆ ಸ್ಥಳಕ್ಕೆ ಹೋದೆ. ಗುಂಡಿ ಎಂಟು ಅಡಿ ಉದ್ದ, ಮೂರು ಅಡಿ ಅಗಲ, ಐದೂವರೆ ಅಡಿ ಆಳ. ಒಳಗೆ ಒಬ್ಬರು ಬೆನ್ನು ತಿರುಗಿಸಿ ಮಣ್ಣು ಬಾಚುತ್ತಿದ್ದರು. ಬೋಳುತಲೆ ನೋಡಿದ ಕೂಡಲೇ ಯಾರೆಂದು ತಿಳಿಯಿತು. ನಾನು ವಾಪಸ್ ಹೊರಟೆ. ಭಾವನೂ ನನ್ನ ಚಪ್ಪಲಿ ಸದ್ದಿಗೆ ತಿರುಗಿ ನೋಡಿ, ಸಲಿಕೆ ಎಸೆದು ಮೇಲೆ ಹತ್ತಲು ನೋಡಿದರು. ಜಯಪ್ಪ ಮೇಸ್ತ್ರಿಯವರು ಏಣಿಯನ್ನು ಮೇಲಕ್ಕೆ ಎಳೆದುಕೊಂಡು, ಮಂಜ ಹೆಂಗೂ ಹತ್ತಲಾರ, ಕಾಂತ, ನೀನು ಹೋಗುವುದಾದರೆ ಹೋಗು, ಓಲ್ಡ್ ಟೌನಿನ ಹೆಂಗಸರೆಲ್ಲ ಬೆಳಗಾಗೆದ್ದು ಟ್ಯಾಂಕರ್ ಹಿಂದೆ ಓಡುವುದು ನಿನ್ನ ಹಟದಿಂದ ಎಂದು ನಿನ್ನ ತಾಯಿಗೆ ನಾನೇ ಹೇಳುತ್ತೇನೆ ಎಂದರು. ನನ್ನ ತಾಯಿಯೂ ಆ ಓಡುವವರಲ್ಲಿ ಒಬ್ಬಳು. ನಾನು ಗುಂಡಿಗೆ ಇಳಿದೆ.

ಬೆಳಗಿನಿಂದ ಮಧ್ಯಾಹ್ನದವರೆಗೆ ನಾವು ಒಂದು ಮಾತೂ ಆಡಲಿಲ್ಲ. ಏನಾದರೂ ಬೇಕಾದರೆ ಮೇಲೆ ಕೂತಿದ್ದ ಮೇಸ್ತ್ರಿಯವರಿಗೆ ಹೇಳುತ್ತಿದ್ದೆವು. ಗರಗಸ ಕೊಡಲು ಹೇಳಿ ಎಂದು ಭಾವ ಅವರಿಗೆ ಹೇಳಿದರೆ, ಗರಗಸ ಕೊಡು ಎಂದು ಅವರು ನನಗೆ ಹೇಳುತ್ತಿದ್ದರು. ಗರಗಸ ನನ್ನ ಮತ್ತು ಭಾವನ ನಡುವೆ ಒಂದೂವರೆ ಅಡಿ ದೂರದಲ್ಲಿತ್ತು. ಹನ್ನೆರಡು ಗಂಟೆಯ ಹೊತ್ತಿಗೆ ಮೇಸ್ತ್ರಿಯವರು ಬೇಸತ್ತು, ತನಗೆ ಬಾಯಿ ಒಣಗಿತು, ಇನ್ನು ಮೇಲೆ ಸನ್ನೆ ಮಾಡಿಕೊಳ್ಳಿ ಎಂದರು.

ಆದರೂ ಕೆಲಸ ಚೆನ್ನಾಗಿ ನಡೆಯಿತು. ಇದನ್ನು ನಾನು ಬರೆಸಲೇಬೇಕು. ಕತ್ತರಿಸುವ ಜಾಗಕ್ಕೆ ನ್ಯೂಸ್ ಪೇಪರ್ ಸುತ್ತಿ ಅಂಚಿಗೆ ಅಂಚು ಸೇರಿಸಿ ಗೆರೆ ಎಳೆದೆವು. ಪೇಪರಿನ ಆ ತುದಿಯನ್ನು ಭಾವ ಹಿಡಿದರು, ಈ ತುದಿ ನಾನು. ಪೈಪು ಕೊಯ್ದಾಗ ಕೂದಲಷ್ಟೂ ಓರೆಯಾಗಲಿಲ್ಲ. ಅಂಚನ್ನು ಅರದಿಂದ ಉಜ್ಜಿ ಇಳಿಜಾರು ಮಾಡಿದೆವು. ಸಲ್ಯೂಷನ್ ಇಲ್ಲದೆ ಒಂದು ಸಲ ಒಳಗೆ ಕೂರಿಸಿ ನೋಡಿ, ಹೊರಗೆ ತೆಗೆದು, ಬಾಯಿಯ ಆಳ ಅಳೆದು, ಪೈಪಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದೆವು. ಪೈಪು ಪೂರ್ತಿ ಒಳಗೆ ಕೂತಿದೆಯೋ, ಹಿಂದಕ್ಕೆ ಜಾರಿದೆಯೋ ಎಂದು ಆ ಗುರುತೇ ಹೇಳುತ್ತದೆ. ಆಮೇಲೆ ಪಾಲಿಷ್ ಕಾಗದದಿಂದ ಹೊಳಪು ತೆಗೆದು, ಒಣ ಬಟ್ಟೆಯಿಂದ ಒರೆಸಿದೆವು. ಒರೆಸುವಾಗ ಭಾವ ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಂದ ನನ್ನ ಕೈ ತಾನಾಗಿ ಮುಂದುವರಿಯುತ್ತಿತ್ತು. ಐದು ವರ್ಷ ನಾನು ಬೇರೆ ಆರು ಜನರ ಜೊತೆ ಕೆಲಸ ಮಾಡಿದ್ದೇನೆ. ಯಾರ ಜೊತೆಯೂ ಹೀಗೆ ಆಗಿರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಮುಖದ ಮೇಲೆ ತೋರಿಸಲಿಲ್ಲ.

ಮಧ್ಯಾಹ್ನ ಸರಿಯಾಗಿ 3-20ಕ್ಕೆ ಇಬ್ಬರೂ ಮೂಗಿಗೆ ಟವೆಲ್ ಕಟ್ಟಿಕೊಂಡು ನಾಲ್ಕು ಇಂಚಿನ ಬ್ರಷ್‌ಗಳಿಂದ ಸಲ್ಯೂಷನ್ ಹಚ್ಚಿದೆವು. ಬಾಯಿಯ ಒಳಗೆ ನಾನು, ಪೈಪಿಗೆ ಭಾವ. ನಲವತ್ತು ಸೆಕೆಂಡಿನಲ್ಲಿ ಮುಗಿಯಿತು. ಹಾರೆ ಕೊಟ್ಟು ನೂಕಿದೆವು. ಪೈಪು ಗುರುತಿನವರೆಗೆ ಹೋಗಿ ಕೂತಿತು. ರವೀಂದ್ರನಗರದ ಜಾಯಿಂಟು ಕಳಚಿದ ಮೇಲೆ ಜಯಪ್ಪ ಮೇಸ್ತ್ರಿಯವರು ಹಿಡಿಯುವ ಕ್ರಮ ಬದಲಾಯಿಸಿದ್ದರು. ಈಗ ಪೈಪಿನ ಎರಡು ಕಡೆ ಎದುರುಬದುರು ಕೂತು, ಪೈಪನ್ನು ತಬ್ಬಿ, ಒಬ್ಬರ ಮಣಿಕಟ್ಟನ್ನು ಒಬ್ಬರು ಹಿಡಿದು, ಕಾಲನ್ನು ಗುಂಡಿಯ ಗೋಡೆಗೆ ಕೊಟ್ಟು ಪೈಪನ್ನು ಬಾಯಿಯ ಕಡೆಗೆ ಅದುಮಿ ಹಿಡಿಯಬೇಕು. ಒಬ್ಬ ಬಿಟ್ಟರೆ ಇನ್ನೊಬ್ಬನಿಗೆ ಗೊತ್ತಾಗಲೇಬೇಕು. ನಾನೂ ಭಾವನೂ ಹಾಗೆ ಹಿಡಿದೆವು. ಮುಚ್ಚಳಿಕೆ ಮುರಿದಿದ್ದು ಇದೇ ಸಮಯದಲ್ಲಿ, ಅಂದರೆ 3-21ಕ್ಕೆ.

ಭಾವ ಒಂದು ಎಂದರು. ಐದು ವರ್ಷದಲ್ಲಿ ಬೈಗುಳ ಬಿಟ್ಟು ಅವರು ನನಗೆ ಆಡಿದ ಮೊದಲ ಮಾತು ಅದು. ನಾನು ಎರಡು ಎಂದೆ. ಮೇಸ್ತ್ರಿಯವರು ಇನ್ನು ಚಿಂತೆಯಿಲ್ಲ ಎಂದು ಅರವತ್ತು ಅಡಿ ದೂರದ ಅಂಗಡಿಗೆ ಚಹಾ ಕುಡಿಯಲು ಹೋದರು.

ಎಪ್ಪತ್ತರ ಹತ್ತಿರ ಬಂದಾಗ ಬೀಟ್‌ನಲ್ಲಿದ್ದ ಧರ್ಮಪ್ಪನವರು ಸೈಕಲ್ ನಿಲ್ಲಿಸಿ ಗುಂಡಿಗೆ ಬಗ್ಗಿ ನೋಡಿದರು. ಅವರಿಗೆ ಕಂಡಿದ್ದು ಏನೆಂದರೆ, ಒಬ್ಬರನ್ನೊಬ್ಬರು ಮುಟ್ಟಬಾರದ ಇಬ್ಬರು ಮುಖಕ್ಕೆ ಬಟ್ಟೆ ಕಟ್ಟಿ, ಮಣಿಕಟ್ಟು ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು, ಜೋರಾಗಿ ಕೂಗುತ್ತಿರುವುದು. ಅವರ ತಪ್ಪಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ. ಕೈ ಬಿಟ್ಟು ಇಬ್ಬರೂ ಮೇಲೆ ಬನ್ನಿ ಎಂದು ಆಜ್ಞೆ ಮಾಡಿದರು. ನಾನು ಎಪ್ಪತ್ತೆರಡು ಎಂದೆ. ಭಾವ ಎಪ್ಪತ್ತಮೂರು ಎಂದರು. ಕುಡಿದಿದ್ದೀರಾ ಎಂದು ಕೇಳಿದರು. ಎಪ್ಪತ್ತನಾಲ್ಕು ಎಂದೆ. ನೀನು ಕಾಂತರಾಜ್ ಅಲ್ಲವಾ ಎಂದು ಕೇಳಿದ್ದಕ್ಕೆ ಎಪ್ಪತ್ತಾರು ಎಂದೆ. ಪೊಲೀಸರಿಗೆ ಲೆಕ್ಕ ಹೇಳಿಕೊಡುತ್ತೀಯಾ ಎಂದು ಸಿಟ್ಟಾದರು. ಅದಕ್ಕೆ ಭಾವ ಎಪ್ಪತ್ತೇಳು ಎಂದರು. ಧರ್ಮಪ್ಪನವರು ಸೀಟಿ ಊದಿದರು. ನಾವು ತೊಂಬತ್ತು ಮುಟ್ಟುವಷ್ಟರಲ್ಲಿ ಗುಂಡಿಯ ಸುತ್ತ ಸುಮಾರು ಮೂವತ್ತು ಜನ ಸೇರಿದ್ದರು. ಯಾರು ಗೆಲ್ಲುತ್ತಿದ್ದಾರೆ ಎಂದು ಒಬ್ಬರು ಕೇಳಿದ್ದು ನನ್ನ ಕಿವಿಗೆ ಬಿತ್ತು.

ಉದ್ಧಟತನದಿಂದ ನಾನು ಹಾಗೆ ಉತ್ತರ ಕೊಟ್ಟಿಲ್ಲ. ಎಣಿಕೆ ತಪ್ಪಿದರೆ ಹಿಡಿತ ತಪ್ಪುತ್ತದೆ. ಮಾತಾಡಲು ಬಾಯಿ ಒಂದೇ ಇರುವುದು.

ನೂರೊಂದಕ್ಕೆ ಧರ್ಮಪ್ಪನವರು ಗುಂಡಿಗೆ ಇಳಿದು ನನ್ನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ನನ್ನನ್ನು ಎಳೆದರೆ ಪೈಪೂ ಬರುತ್ತದೆ. ನಾನು ತಲೆಯಾಡಿಸಿದೆ. ಕಾಲರ್ ಹರಿಯಿತು. ಕಾಲರ್ ಬಗ್ಗೆ ನನ್ನ ದೂರು ಇಲ್ಲ. ಭಾವ ನನ್ನ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದರು. ಅಷ್ಟರಲ್ಲಿ ಜಯಪ್ಪ ಮೇಸ್ತ್ರಿಯವರು ಚಹಾದ ಲೋಟ ಕೈಯಲ್ಲೇ ಹಿಡಿದು ಓಡಿ ಬಂದರು. ಈಗ ಆ ಮನುಷ್ಯನನ್ನು ಎಳೆದರೆ ಊರಿಗೆ ನೀರಿಲ್ಲ ಧರ್ಮಪ್ಪನವರೇ, ನಿಮ್ಮ ಮನೆಗೂ ಇಲ್ಲ, ಇಳಿದದ್ದು ಇಳಿದಿದ್ದೀರಿ, ಪೈಪಿನ ಹಿಂದೆ ಕೂತು ಸ್ವಲ್ಪ ಬೆನ್ನು ಕೊಡಿ ಎಂದರು. ಧರ್ಮಪ್ಪನವರ ಮನೆ ಪಕ್ಕದ ಬೀದಿಯಲ್ಲೇ ಇದೆ. ನೀರು ನಿಜವಾಗಿ ಬರುತ್ತದಾ ಎಂದು ಕೇಳಿದರು. ಇವರಿಬ್ಬರು ಹಿಡಿದಿದ್ದರೆ ಬರುತ್ತದೆ ಎಂದು ಮೇಸ್ತ್ರಿಯವರು ಹೇಳಿದರು. ಧರ್ಮಪ್ಪನವರು ಟೋಪಿ ತೆಗೆದು ಮೇಲೆ ಕೊಟ್ಟು, ಪೈಪಿನ ಹಿಂದೆ ಕೂತು ಬೆನ್ನು ಕೊಟ್ಟರು. ಅವರ ಸಮವಸ್ತ್ರಕ್ಕೆ ಅಂಟಿರುವ ಸಲ್ಯೂಷನ್ ಕಲೆ ಆಗ ಆದದ್ದು. ಅದು ಹೋಗುವುದಿಲ್ಲ, ಉಜ್ಜಿ ಪ್ರಯೋಜನವಿಲ್ಲ.

ನೂರ ನಲವತ್ತಾರು ಎಂದು ನಾನು ಹೇಳಿದ ಮೇಲೆ ಭಾವ ನೂರ ನಲವತ್ತೇಳು ಎನ್ನಬೇಕಿತ್ತು. ಅದರ ಬದಲು ಪಾಪು ಹೇಗಿದ್ದಾಳೆ ಎಂದು ಕೇಳಿದರು. ನನಗೆ ಏನು ಮಾಡಬೇಕೆಂದು ತೋಚದೆ ನೂರ ನಲವತ್ತೆಂಟು ಎಂದೆ. ಮುಂದಿನ ಸಂಖ್ಯೆಯ ಬದಲೂ ಅವರು, ಅವಳಿಗೆ ಹೆಸರು ಇಟ್ಟಿರಾ ಎಂದು ಕೇಳಿದರು. ಅಕ್ಕ ಬರದೆ ಹೆಂಗೆ ಇಡೋದು ಭಾವ ಎಂದೆ. ಅದು ನೂರ ಐವತ್ತು. ಸಂಸಾರದ ಮಾತು ಆಮೇಲೆ, ಮೊದಲು ಲೆಕ್ಕ ಹೇಳಿ ಎಂದು ಮೇಲಿನಿಂದ ಮೇಸ್ತ್ರಿಯವರು ಗದರಿಸಿದರು. ಭಾವನಿಗೆ ದನಿ ಏಳಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಸಲ್ಯೂಷನ್ ಘಾಟಿಗೆ ಎಂದು ಬರೆಯಲೇ ಎಂದು ರೈಟರ್ ಸಾಹೇಬರು ಕೇಳಿದರು. ಬೇಡ. ನೂರ ಐವತ್ತೊಂದನ್ನು ಭಾವನ ಬದಲು ಧರ್ಮಪ್ಪನವರು ಹೇಳಿದರು. ಅಲ್ಲಿಂದ ಮುಂದೆ ಮೂವರೂ ಎಣಿಸಿದೆವು.

ಇನ್ನೂರು ಆಯಿತು. ನಾನು ಕೈ ಬಿಡಲಿಲ್ಲ. ಭಾವನೂ ಬಿಡಲಿಲ್ಲ. ಯಾರು ಮೊದಲು ಬಿಡುವುದು ಎಂದು ಇಬ್ಬರಿಗೂ ಹೆದರಿಕೆ. ಇನ್ನೂರ ಮೂವತ್ತೊಂದರವರೆಗೆ ಹೋದೆವು. ಮೇಸ್ತ್ರಿಯವರು ಏಣಿ ಇಳಿದು ಬಂದು, ಪೈಪಿನ ಗುರುತಿಗೆ ಅಳತೆಪಟ್ಟಿ ಹಿಡಿದು, ಸಾಸಿವೆಯಷ್ಟೂ ಜಾರಿಲ್ಲ, ಸಾಕು ಬಿಡಿ ಎಂದು ಅದೇ ಪಟ್ಟಿಯಿಂದ ಇಬ್ಬರ ಬೆರಳಿಗೂ ಹೊಡೆದು ಬಿಡಿಸಿದರು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಭಾವ ಗುಂಡಿಯ ಗೋಡೆಗೆ ಒರಗಿ ನಗಲು ಶುರು ಮಾಡಿದರು. ನನಗೂ ನಗು ತಡೆಯಲಾಗಲಿಲ್ಲ. ಅಷ್ಟು ಸಂತೋಷ ನನಗೆ ಐದು ವರ್ಷದಿಂದ ಆಗಿರಲಿಲ್ಲ.

ಆದರೂ ಕಾನೂನು ಕಾನೂನೇ, ಮುಚ್ಚಳಿಕೆ ಮುರಿದದ್ದು ನಿಜ ಎಂದು ಧರ್ಮಪ್ಪನವರು ಟೋಪಿ ಹಾಕಿಕೊಂಡು ನಮ್ಮನ್ನು ಠಾಣೆಗೆ ಹೊರಡಿಸಿದರು. ಅವರು ಸೈಕಲ್ ತಳ್ಳಿಕೊಂಡು, ನಾವು ಪಕ್ಕದಲ್ಲಿ ನಡೆದುಕೊಂಡು, ಸುಮಾರು ಆರುನೂರು ಮೀಟರ್ ಬಂದೆವು. ಭಾವ ನನ್ನ ಹೆಗಲ ಮೇಲೆ ಕೈ ಹಾಕಿದ್ದರು. ಮುಟ್ಟುವ ಹಾಗಿಲ್ಲ ಎಂದು ಧರ್ಮಪ್ಪನವರು ದಾರಿಯಲ್ಲಿ ಮೂರು ಸಲ ನೆನಪಿಸಿದರು. ಭಾವ ಕೈ ತೆಗೆಯಲಿಲ್ಲ. ಇದನ್ನೂ ಅಪರಾಧಕ್ಕೆ ಸೇರಿಸಬಹುದು.

ಮೇಲಿನಷ್ಟು ಬರೆಸುತ್ತಿರುವಾಗ, 5-50ಕ್ಕೆ, ನನ್ನ ತಾಯಿ ಸುದ್ದಿ ಕೇಳಿ ಮಗುವನ್ನು ಕರೆದುಕೊಂಡು ಠಾಣೆಗೆ ಬಂದಳು. 6-50ಕ್ಕೆ ನನ್ನ ಅಕ್ಕ ಧನಲಕ್ಷ್ಮಿ ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದಳು. ಗಂಡ ಮತ್ತು ತಮ್ಮ ಇಬ್ಬರೂ ಠಾಣೆಯಲ್ಲಿದ್ದಾರೆ ಎಂದಷ್ಟೇ ಮೇಸ್ತ್ರಿಯವರು ಪಕ್ಕದ ಮನೆಗೆ ಫೋನ್ ಮಾಡಿ ಹೇಳಿದ್ದರಂತೆ. ಉಳಿದದ್ದನ್ನು ಬೇಕೆಂದೇ ಹೇಳಿರಲಿಲ್ಲವಂತೆ. ಅಕ್ಕ ನನ್ನ ಮುಖ ನೋಡಲಿಲ್ಲ, ಭಾವನ ಮುಖವನ್ನೂ ನೋಡಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಮಗುವನ್ನು ನೋಡಿ ಅಲ್ಲೇ ನಿಂತಳು. ಹುಟ್ಟಿದ ಮೇಲೆ ಅವಳು ಮಗುವನ್ನು ನೋಡಿದ್ದು ಇದೇ ಮೊದಲು. ಇವರು ಯಾರು ಎಂದು ಮಗು ಕೇಳಿತು. ನಿನ್ನ ಅತ್ತೆ ಕಣೇ ಎಂದು ನನ್ನ ತಾಯಿ ಹೇಳಿದಳು. ನಿನ್ನ ಹೆಸರು ಅತ್ತೆಯ ಹತ್ತಿರ ಇದೆ, ಅವಳು ಬಂದಾಗ ತರುತ್ತಾಳೆ ಎಂದು ಅಜ್ಜಿ ಇಷ್ಟು ವರ್ಷ ಮಗುವಿಗೆ ಹೇಳುತ್ತಾ ಬಂದಿದ್ದಳು. ಆದ್ದರಿಂದ ಮಗು ಬೆಂಚಿನಿಂದ ಇಳಿದು ಹತ್ತಿರ ಹೋಗಿ, ನನ್ನ ಹೆಸರು ತಂದಿದ್ದೀಯಾ ಎಂದು ಕೇಳಿತು.

ಅಕ್ಕ ನೆಲದ ಮೇಲೆ ಕೂತು ಮಗುವನ್ನು ತಬ್ಬಿಕೊಂಡಳು. ತಂದಿದ್ದೀನಿ, ನೀನು ಹುಟ್ಟಿದ ದಿನದಿಂದಲೂ ಇಟ್ಟುಕೊಂಡಿದ್ದೀನಿ ಎಂದಳು. ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಕಿಟಕಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ಹೊರಗೆ ನೋಡುತ್ತಾ ನಿಂತರು. ಆಮೇಲೆ ಅಕ್ಕ ಎದ್ದು ನನಗೂ ಭಾವನಿಗೂ ಸುಮಾರು ಎಂಟು ನಿಮಿಷ ಬೈದಳು. ಅದನ್ನೂ ಬರೆಯಬೇಕೇ ಎಂದು ರೈಟರ್ ಸಾಹೇಬರು ಕೇಳಿದ್ದಕ್ಕೆ ಕಾಗದ ಸಾಲುವುದಿಲ್ಲ ಬಿಡಿ ಎಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದರು. ಬರುವ ಶುಕ್ರವಾರ, 14-02-2003, ಬೆಳಿಗ್ಗೆ 10 ಗಂಟೆಗೆ ನಮ್ಮ ಮನೆಯಲ್ಲಿ ನಾಮಕರಣ ಎಂದು ನನ್ನ ತಾಯಿ ಅಲ್ಲಿಯೇ ಗೊತ್ತು ಮಾಡಿದಳು. ಮಗು ತೊಟ್ಟಿಲಿಗೆ ಹಿಡಿಸುವುದಿಲ್ಲವಾದ್ದರಿಂದ ಮಣೆಯ ಮೇಲೆ ಕೂರಿಸುವುದೆಂದು ತೀರ್ಮಾನವಾಯಿತು. ಠಾಣೆಯ ಎಲ್ಲರನ್ನೂ ಕರೆದಿದ್ದೇವೆ. ಮುಚ್ಚಳಿಕೆಯನ್ನು ಈ ದಿನಕ್ಕೆ ಮುಕ್ತಾಯ ಮಾಡುತ್ತೇನೆ ಎಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ತಿಳಿಸಿದರು.

ನಂತರ ರೈಟರ್ ಸಾಹೇಬರು ಹೇಳಿಕೆಯನ್ನು ಮೊದಲಿನಿಂದ ಓದಿ ಹೇಳಿದರು. ಅಕ್ಕ, ಭಾವ, ತಾಯಿ ಎಲ್ಲರೂ ಕೇಳುತ್ತಿದ್ದರು. ಇದೆಲ್ಲ ನಿಜ ಎಂದು ಸಹಿ ಹಾಕು ಎಂದು ಪೆನ್ನು ಕೊಟ್ಟರು. ನಾನು ಹಾಕಲಿಲ್ಲ. ಏನಾಯಿತು ಎಂದು ಕೇಳಿದರು. ಒಂದು ಕಡೆ ತಿದ್ದಬೇಕು ಎಂದೆ. ಈಗ ಎಲ್ಲ ಸರಿಹೋಗಿದೆ, ಮತ್ತೆ ಏನು ಕೆದಕುತ್ತೀಯ ಎಂದು ನನ್ನ ತಾಯಿ ಹೇಳಿದಳು. ಆದರೂ ನಾನು ಈ ಕೆಳಗಿನಂತೆ ಹೆಚ್ಚಿಗೆ ಬರೆಸಿರುತ್ತೇನೆ.

ರವೀಂದ್ರನಗರದಲ್ಲಿ ಭಾವ ಮೊದಲು ಕೈ ಬಿಟ್ಟರು ಎಂದು ನಾನು ಹೇಳಿದ್ದು ಸುಳ್ಳು. ಬಿಟ್ಟವನು ನಾನು. ಆ ದಿನ ನೂರ ಅರವತ್ತೆರಡು ಎಂದು ನಾನು ಹೇಳುತ್ತಿದ್ದಾಗ, ಆಸ್ಪತ್ರೆಯಿಂದ ಫೋನ್ ಬಂದಿದೆ, ಕಾಂತರಾಜನಿಗೆ ಹೆಣ್ಣು ಮಗು ಎಂದು ಎಸ್‌ಟಿಡಿ ಬೂತಿನವರು ರಸ್ತೆಯಿಂದ ಕೂಗಿ ಹೇಳಿದರು. ನನಗೆ ಮೈಮೇಲೆ ಎಚ್ಚರ ಇರಲಿಲ್ಲ. ರಸ್ತೆಯ ಕಡೆ ತಿರುಗಿ, ಎರಡೂ ಕೈ ಬಿಟ್ಟು ತಲೆಯ ಮೇಲೆ ಇಟ್ಟುಕೊಂಡೆ. ತಕ್ಷಣ ನೆನಪಾಗಿ ಮತ್ತೆ ಹಿಡಿದೆ, ಎಣಿಕೆಯನ್ನು ಇನ್ನೂರಕ್ಕೆ ಮುಗಿಸಿದೆ. ಏನೂ ಆಗಿರಲಿಕ್ಕಿಲ್ಲ ಎಂದುಕೊಂಡೆ. ಮೂರನೇ ದಿನ ಜಾಯಿಂಟು ಕಳಚಿದಾಗ ಮೇಸ್ತ್ರಿಯವರ ಮುಖ ನೋಡಿ ಭಯವಾಯಿತು, ಮಗಳು ಹುಟ್ಟಿದ್ದಕ್ಕೆ ಕೆಲಸ ಕೆಟ್ಟಿತು ಎಂದು ನಾಲ್ಕು ಜನ ಆಡಿಕೊಂಡಾರು ಎಂದೂ ಅನಿಸಿತು. ಅದಕ್ಕೆ ನಾನೇ ಮೊದಲು ಬಾಯಿ ಮಾಡಿ ಭಾವನ ಮೇಲೆ ಹೊರಿಸಿದೆ. ಭಾವನಿಗೂ ಅಕ್ಕನಿಗೂ ಐದು ವರ್ಷ ಅನ್ಯಾಯ ಮಾಡಿದ್ದೇನೆ. ಇದನ್ನು ಕೇಳಿ ಶುಕ್ರವಾರ ಅವರು ಬರದಿದ್ದರೂ ನಾನು ದೂರುವ ಹಾಗಿಲ್ಲ. ಆದರೆ ಸುಳ್ಳಿನ ಕೆಳಗೆ ನಿಜ ಎಂದು ಸಹಿ ಹಾಕಲು ನನ್ನಿಂದ ಆಗುವುದಿಲ್ಲ.

ಇದನ್ನು ಕೇಳಿ ಅಕ್ಕ ಭಾವನ ಮುಖ ನೋಡಿದಳು. ಭಾವ ಬೋಳುತಲೆ ಕೆರೆದುಕೊಳ್ಳುತ್ತಾ, ಆ ಕೂಗು ತನಗೂ ಕೇಳಿಸಿತ್ತು, ಮಾವ ಆದೆ ಎಂಬ ಖುಷಿಗೆ ತಾನೂ ಎರಡೂ ಕೈ ಮೇಲೆತ್ತಿ ಕುಣಿದಿದ್ದೆ, ಕಾಂತ ಹಿಡಿದಿದ್ದಾನಲ್ಲ ಎಂದು ಧೈರ್ಯವಾಗಿದ್ದೆ ಎಂದು ಹೇಳಿ, ಅದನ್ನೂ ಬರೆದುಕೊಳ್ಳಿ ಎಂದು ರೈಟರ್ ಸಾಹೇಬರಿಗೆ ಕೈ ಮುಗಿದರು. ಅದರಂತೆ ಬರೆಸಿರುತ್ತೇನೆ. ಅಂದರೆ ನನ್ನ ಮಗಳು ಹುಟ್ಟಿದ ಸುದ್ದಿ ಬಂದಾಗ ಆ ಪೈಪನ್ನು ಯಾರೂ ಹಿಡಿದಿರಲಿಲ್ಲ.

ಈಗ ಓದಿಸಿ ಕೇಳಿದ್ದೇನೆ. ಮೊದಲಿನಿಂದ ಕೊನೆಯವರೆಗೆ ನಿಜವಾಗಿರುತ್ತದೆ.

ಸ್ಥಳ: ಭದ್ರಾವತಿ
ದಿನಾಂಕ: 12-02-2003, ರಾತ್ರಿ 7-40 ಗಂಟೆ

ಸಹಿ: ಕಾಂತರಾಜ್

ಸಾಕ್ಷಿಗಳು:
1. ಸಹಿ: ಮಂಜಪ್ಪ, ಭಾವ
2. ಸಹಿ: ಧನಲಕ್ಷ್ಮಿ, ಮಗುವಿನ ಸೋದರತ್ತೆ